ಖಾಲಿ ಗಾಲಿ

ಡೀಸೆಲ್ ತುಂಬಿದ ಬೋಗುಣಿಯಲ್ಲಿ ಬೋಲ್ಟುಗಳನ್ನು ಅದ್ದಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಲುಂಗಿಯ ಚೂರಿನಿಂದ ಒರೆಸಿ ಸಾಲಾಗಿ ಇಡುತ್ತಿದ್ದೆ. ಅಪ್ಪ ಎದುರಿಗೆ ಗೋಣಿಚೀಲದ ಮೇಲೆ ಕೂತು ಪ್ರತಿ ಬೋಲ್ಟಿಗೂ ಅದರದೇ ನಟ್ಟು ಹುಡುಕಿ ಹಾಕುತ್ತಿದ್ದರು. ಕೂರದಿದ್ದರೆ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಗಿರಣಿಯ ಹಿಂದಿನ ಕೋಣೆಯ ಗೋಡೆಗಳಲ್ಲಿ ಖಾರದ ಪುಡಿ ಇನ್ನೂ ಕೆಂಪಗೆ ಹಿಡಿದುಕೊಂಡಿತ್ತು. ಬಾಗಿಲಿನಿಂದ ಗಾಳಿ ಬಂದಾಗಲೆಲ್ಲ ಸೀನು ಬರುತ್ತಿತ್ತು. ಸೀನಿದರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ನಾವು ಮತ್ತೆ ಜೋಡಿಸುತ್ತಿದ್ದ ಈ ಯಂತ್ರದಲ್ಲೇ ಸಂಕ್ರಾಂತಿಯ ಹಿಂದಿನ ವಾರ ನನ್ನ ಅಣ್ಣ ಮಹೇಶಕುಮಾರ ಸತ್ತ.

ಇದು ಖಾರ ಕುಟ್ಟುವ ಯಂತ್ರ. ಹುಮನಾಬಾದಿನಲ್ಲಿ ನಮ್ಮ ಅಜ್ಜ ನಡೆಸುತ್ತಿದ್ದದ್ದು. ಅಪ್ಪ ಹೈದರಾಬಾದಿಗೆ ಬಂದಾಗ ಲಾರಿಯಲ್ಲಿ ಹಾಕಿಕೊಂಡು ಬಂದು ಉಪ್ಪಲ್‌ನ ಈ ಗಲ್ಲಿಯಲ್ಲಿ ಹೂಡಿದ್ದರು. ಮುಂದಿನ ಕೋಣೆಯಲ್ಲಿ ಹಿಟ್ಟು ಬೀಸುವ ಕಲ್ಲು, ಹಿಂದಿನ ಕೋಣೆಯಲ್ಲಿ ಇದು. ಎರಡಕ್ಕೂ ಒಂದೇ ಮೋಟಾರು. ಅದಕ್ಕೇ ಖಾರದ ಯಂತ್ರ ನಿಲ್ಲಿಸಬೇಕಾದಾಗ ಮೋಟಾರು ಬಂದ್ ಮಾಡುವುದಿಲ್ಲ. ಮುಂದೆ ಜೋಳ, ಗೋಧಿ ಬೀಸಿಸಲು ಜನ ನಿಂತಿರುತ್ತಾರೆ. ಯಂತ್ರದ ಶಾಫ್ಟಿಗೆ ಪಕ್ಕಪಕ್ಕದಲ್ಲಿ ಎರಡು ಗಾಲಿಗಳಿವೆ. ಒಂದು ಗಟ್ಟಿ ಗಾಲಿ. ಅದನ್ನು ಶಾಫ್ಟಿಗೆ ಬಿಗಿದಿರುತ್ತಾರೆ. ಬೆಲ್ಟು ಅದರ ಮೇಲಿದ್ದರೆ ಶಾಫ್ಟು ತಿರುಗುತ್ತದೆ, ಒನಕೆಗಳು ಎದ್ದು ಬೀಳುತ್ತವೆ. ಇನ್ನೊಂದು ಖಾಲಿ ಗಾಲಿ. ಅದರ ನಡುವೆ ಹಿತ್ತಾಳೆಯ ದಪ್ಪ ಉಂಗುರದಂಥ ಬುಶ್ ಇರುತ್ತದೆ. ಬೆಲ್ಟು ಅದರ ಮೇಲೆ ಬಂದರೆ ಗಾಲಿ ತನ್ನಷ್ಟಕ್ಕೆ ಸುತ್ತುತ್ತದೆ, ಶಾಫ್ಟು ಸುಮ್ಮನೆ ನಿಲ್ಲುತ್ತದೆ. ಬೆಲ್ಟನ್ನು ಆ ಗಾಲಿಯಿಂದ ಈ ಗಾಲಿಗೆ ಸರಿಸಲು ಒಂದು ಕಬ್ಬಿಣದ ಹಿಡಿಕೆ.

ಆ ದಿನ ಅಣ್ಣ ಬೆಲ್ಟನ್ನು ಖಾಲಿ ಗಾಲಿಗೆ ಸರಿಸಿ, ಒರಳಿನ ತಳಕ್ಕೆ ಅಂಟಿದ್ದ ಮೆಣಸಿನಕಾಯಿ ಕೆರೆಯಲು ಒಳಗೆ ಬಗ್ಗಿದ್ದ. ಖಾರ ಏರಬಾರದೆಂದು ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡಿದ್ದ. ಖಾರ ಕುಟ್ಟುವವರೆಲ್ಲ ಹಾಗೇ ಸುತ್ತಿಕೊಳ್ಳುತ್ತಾರೆ. ನಿಂತಿದ್ದ ಯಂತ್ರ ಒಮ್ಮೆಲೇ ತಿರುಗಿತು. ಟವೆಲ್ಲಿನ ತುದಿ ಶಾಫ್ಟಿಗೆ ಸಿಕ್ಕಿತು. ನಾನು ಮುಂದಿನ ಕೋಣೆಯಲ್ಲಿ ತಕ್ಕಡಿಯ ಹತ್ತಿರ ಇದ್ದೆ. ಅಣ್ಣನ ಹೆಂಡತಿ, ನನ್ನ ವೈನಿಯ ಕೂಗು ಕೇಳಿದೆ, ಅಷ್ಟೆ. ಸ್ವಿಚ್ಚು ಮುಂದಿನ ಕೋಣೆಯಲ್ಲಿದೆ ಎನ್ನುವುದು ಕೂಗು ಕೇಳಿ ಓಡಿ ಬಂದ ಅಪ್ಪನಿಗೆ ನೆನಪೇ ಆಗಲಿಲ್ಲ. ಮೆಣಸಿನ ಚೀಲ ಕೊಯ್ಯುವ ಕತ್ತಿ ಎತ್ತಿ ಓಡುತ್ತಿದ್ದ ಬೆಲ್ಟನ್ನೇ ಕತ್ತರಿಸಿಬಿಟ್ಟರು. ಅದು ಹಾರಿ ಗೋಡೆಗೆ ಬಡಿದು ಬಿತ್ತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ವೈನಿ ಸೌಂದರ್ಯಾ ಆ ಹೊತ್ತಿಗೆ ಅವನಿಗೆ ಮಜ್ಜಿಗೆ ತಂದು ನಿಂತಿದ್ದಳು. ಒಂದು ಕೈಯಲ್ಲಿ ಚೆಂಬು, ಇನ್ನೊಂದು ಕೈ ಹಿಡಿಕೆಯ ಮೇಲೆ. ಹಿತ್ತಲ ಬಾಗಿಲಿನಿಂದ ಅವ್ವ ಅದನ್ನು ಕಂಡಳು. ಅದೂ ಅಲ್ಲದೆ ವೈನಿ ಆಗ ಹೊರಗಾಗಿದ್ದಳು. ಮುಟ್ಟಿನ ದಿನಗಳಲ್ಲಿ ನಮ್ಮ ಮನೆಯ ಹೆಂಗಸರು ಯಂತ್ರದ ಕೋಣೆಗೆ ಕಾಲಿಡುವುದಿಲ್ಲ. "ಆಕಿ ಬರಬಾರದ ದಿನ ಬಂದಳು, ಮುಟ್ಟಬಾರದ್ದ ಮುಟ್ಟಿದಳು, ನನ್ನ ಮಗನ್ನ ತಿಂದಳು," ಎಂದು ಅವ್ವ ಮಣ್ಣಿಗೆ ಬಂದ ಜನರೆದುರು ಎದೆ ಬಡಿದುಕೊಂಡಳು. "ಸರಸಿಲ್ಲರೀ ಅತ್ತಿ, ಬರೇ ಹಿಡಕೊಂಡು ನಿಂತಿದ್ದೆ," ಎಂದು ವೈನಿ ಹೇಳಿದಳು. ಬೆಲ್ಟು ಯಾವ ಗಾಲಿಯ ಮೇಲಿತ್ತು ಎಂದು ಯಾರಾದರೂ ನೋಡಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೆಲ್ಟು ತುಂಡಾಗಿ ನೆಲದ ಮೇಲೆ ಬಿದ್ದಿತ್ತು, ಅದು ಹಾರಿದ ಹೊಡೆತಕ್ಕೆ ಹಿಡಿಕೆಯೂ ಸರಿದಿತ್ತು.

ದಿನಕರ್ಮ ಮುಗಿದ ಮೇಲೆ ವೈನಿಯನ್ನು ತವರಿಗೆ, ಬಸವಕಲ್ಯಾಣಕ್ಕೆ ಕಳಿಸಿದರು. ಮಗಳು ಪೂರ್ವಿಯನ್ನು ಕೊಡಲಿಲ್ಲ. "ನನ್ನ ಮಗನ ಗುರ್ತು ಇದೊಂದರೆ ನನ್ನ ಕಣ್ಣ ಮುಂದ ಇರಲಿ," ಎಂದಳು ಅವ್ವ. ಪೂರ್ವಿಗೆ ಇನ್ನೂ ಸರಿಯಾಗಿ ಮಾತು ಬರುವುದಿಲ್ಲ. ಸಂಜೆಯಾದರೆ ಗಿರಣಿಯ ಕಟ್ಟೆಯ ಮೇಲೆ ಕೂತು ಗಲ್ಲಿಯ ತಿರುವನ್ನು ನೋಡುತ್ತಾಳೆ. ವೈನಿಯ ಟ್ರಂಕು ಮಾತ್ರ ಉಳಿದಿತ್ತು. ಇವತ್ತು ಸಂಜೆ ಅವಳ ಅಣ್ಣ ಬಂದು ಅದನ್ನು ಒಯ್ಯುವವನಿದ್ದ. ಅವ್ವ ಬೆಳಿಗ್ಗೆಯೇ ಅದನ್ನು ಹಿತ್ತಲ ಬಾಗಿಲಿನ ಹೊಸ್ತಿಲ ಹತ್ತಿರ ಎಳೆದು ಇಟ್ಟಿದ್ದಳು. ಅದು ಹೋದರೆ ವೈನಿ ಈ ಮನೆಗೆ ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಗುವಿನ ಮಾತಂತೂ ಯಾರೂ ಎತ್ತುತ್ತಿರಲಿಲ್ಲ.

ವೈನಿ ಹೋದ ಮರುದಿನವೇ ಅಪ್ಪ ಯಂತ್ರ ಬಿಚ್ಚಿದ್ದರು. ಶಾಫ್ಟನ್ನು ಗಾಲಿಗಳ ಸಮೇತ ಎತ್ತಿ ಅಂಗಳಕ್ಕೆ ತಂದಿಟ್ಟರು. ಅವ್ವ ಒಂದೊಂದು ಭಾಗವನ್ನೂ ನಳದ ಕೆಳಗೆ ಹಿಡಿದು ಅರಿಷಿಣದ ನೀರಿನಿಂದ, ಗೋಮೂತ್ರದಿಂದ ತೊಳೆದಳು. ಸಾವಿನ ಮೈಲಿಗೆ, ವೈನಿಯ ಮೈಲಿಗೆ ಎರಡೂ ಹೋಗಬೇಕಲ್ಲ. ನೀರು ಬಿದ್ದರೆ ಕಬ್ಬಿಣ ಏನಾಗುತ್ತದೆ ಎಂದು ಆಗ ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು? ಎಲ್ಲ ಒಂದು ತಾಡಪತ್ರಿಯ ಕೆಳಗೆ ಬಿದ್ದು ಜಂಗು ಹಿಡಿಯಿತು. ಈಗ ಬಿಸಿಲು ಏರಿದೆ, ವರ್ಷದ ಖಾರ ಮಾಡಿಸುವ ಕಾಲ ಬಂದಿದೆ. ಯುಗಾದಿಗೆ ಮೊದಲು ಯಂತ್ರ ಮತ್ತೆ ಓಡಬೇಕು ಎಂದು ಅಪ್ಪ ಹಠ ಹಿಡಿದಿದ್ದರು.

ಯಾದಗಿರಿ ಕಾಕಾ ಬಂದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಈ ಕಡೆಯ ಗಿರಣಿಗಳಿಗೆಲ್ಲ ಅವರೇ ಫಿಟ್ಟರು. ಜಹೀರಾಬಾದ್ ಕಡೆಯವರು; ನಮ್ಮ ಹತ್ತಿರ ನಮ್ಮ ಮಾತಿನಲ್ಲೇ, ನಡುವೆ ತೆಲುಗು ಸೇರಿಸಿ ಮಾತಾಡುತ್ತಾರೆ.

"ಏಂ ಮಲ್ಲಣ್ಣಾ, ಎಲ್ಲಾರಿಗೂ ಜಳಕಾ ಮಾಡಿಸಿ ಒಣಗಲಿಕ್ಕಿ ಇಟ್ಟೀರಿ. ಊಟಕ್ಕ ಕುಂಡ್ರಸೋದೊಂದ ಬಾಕಿ," ಎಂದು ನೆಲದ ಮೇಲೆ ಹರಡಿದ್ದ ಸಾಮಾನುಗಳನ್ನು ನೋಡಿ ಹೇಳಿದರು. ಅಪ್ಪ ನಗಲಿಲ್ಲ. ಕಾಕಾ ಗಂಟಲು ಸರಿಮಾಡಿಕೊಂಡು ತಮ್ಮ ಚೀಲ ಬಿಚ್ಚಿದರು.

ಮೊದಲೆಲ್ಲ ಸುಲಭವಾಗಿಯೇ ಆಯಿತು. ಕಬ್ಬಿಣದ ಚೌಕಟ್ಟು ನಿಂತಿತು. ಒರಳು ತನ್ನ ಗುಳಿಯಲ್ಲಿ ಕೂತಿತು. ಗಟ್ಟಿ ಗಾಲಿಯೂ ಮೇಲೆಲ್ಲ ಜಂಗು ತಿಂದು ಕೆಂಪಾಗಿತ್ತು; ಬಿಗಿದ ಬೋಲ್ಟು ಬಿಚ್ಚಿ, ಡೀಸೆಲ್ ಕುಡಿಸಿ, ಮರದ ತುಂಡು ಇಟ್ಟು ಎರಡು ಏಟು ಹೊಡೆದದ್ದೇ ಶಾಫ್ಟಿನಿಂದ ಜಾರಿ ಕೈಗೆ ಬಂತು. ಅದನ್ನು ನನ್ನ ಮುಂದೆ ಇಟ್ಟು "ತಿಕ್ಕು ಬಿಡ್ಡಾ" ಎಂದರು ಕಾಕಾ; ನನ್ನನ್ನು ಮಗಳೇ ಎನ್ನಲು ಅವರ ತೆಲುಗು ಮಾತು ಅದು. ಆಮೇಲೆ ಖಾಲಿ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದರು. ಗಾಲಿಯ ಜೊತೆ ಶಾಫ್ಟೂ ತಿರುಗಿತು. ಅಪ್ಪನಿಗೆ ಶಾಫ್ಟು ಒತ್ತಿ ಹಿಡಿಯಲು ಹೇಳಿ ಮತ್ತೆ ತಿರುಗಿಸಿದರು. ಗಾಲಿ ಅಲುಗಲಿಲ್ಲ.

"ಅರೆ, ಇದೇನ್ರಿ, ಅತ್ತಿ ಮನಿಗಿ ಬಂದ ಅಳ್ಯಾನಂಗ ಕುಂತೈತಿ. ಏಳ್ರೀ ಅಂದ್ರ ಏಳಲ್ದು."

"ಜಂಗ ಹಿಡದೈತಿ," ಎಂದರು ಅಪ್ಪ. "ಕೊಡಗಟ್ಟಲೆ ನೀರ ಸುರವ್ಯಾಳಲ್ಲ, ಮತ್ತೇನ ಆಗತೈತಿ."

ಅವ್ವ ಪೂರ್ವಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ತೊಳೀಬಾರದಿತ್ತೇನ? ಆಕಿ ಮುಟ್ಟಿದ್ದನ್ನ ಹಂಗ ಇಟ್ಕೊಂಡು ಮಠದ ಖಾರ ಕುಟ್ಟಿ ಕೊಡತಿದ್ರೇನ ನೀವ?"

ಊರ ಕಡೆಯ ಮಠದ ದಾಸೋಹಕ್ಕೆ ವರ್ಷಕ್ಕೆ ಬೇಕಾಗುವ ಖಾರ, ಅರಿಷಿಣ ನಮ್ಮ ಗಿರಣಿಯಿಂದಲೇ ಹೋಗುತ್ತದೆ. ಅದು ಅಪ್ಪ ಹೊತ್ತುಕೊಂಡ ಸೇವೆ.

ಕಾಕಾ ಗಾಲಿಯ ಎರಡೂ ಬದಿಗೆ ಡೀಸೆಲ್ ಸುರಿದು, ಬೀಡಿ ಸೇದಿ ಬಂದು, ಮರದ ತುಂಡು ಇಟ್ಟು ಸುತ್ತಲೂ ಹೊಡೆದರು. ಆಮೇಲೆ ಗಾಲಿ ಎಳೆದು ತೆಗೆಯುವ ಮೂರು ಕಾಲಿನ ಪುಲ್ಲರ್ ತೆಗೆದು ಗಾಲಿಯ ಅಂಚಿಗೆ ಸಿಗಿಸಿ, ನಡುವಿನ ತಿರುಪನ್ನು ಶಾಫ್ಟಿನ ತುದಿಗೆ ಒತ್ತಿ ತಿರುವಿದರು. ಒಂದು ಕಾಲು ಜಾರಿ ಅವರ ಮೊಣಕೈಗೆ ಬಡಿಯಿತು. ತೆಲುಗಿನಲ್ಲಿ ಏನೋ ಬೈದು, ಅವ್ವನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. ಮತ್ತೆ ಸಿಗಿಸಿದರು. ತಿರುಪು ಕಿರುಗುಟ್ಟಿತು, ಪುಲ್ಲರಿನ ಕಾಲುಗಳೇ ಬಾಗಿದಂತೆ ಕಂಡವು. ಗಾಲಿ ಇದ್ದಲ್ಲೇ ಇತ್ತು.

ಕಾಕಾ ಹಣೆಯ ಬೆವರು ಒರೆಸಿ, ನಾನು ತಿಕ್ಕುತ್ತಿದ್ದ ಗಟ್ಟಿ ಗಾಲಿಯನ್ನು ಬೆರಳಿನಿಂದ ತಟ್ಟಿದರು. "ಇದೂ ಅದೇ ನೀರಾಗ ತೊಳದದ್ದು. ಎರಡ ಏಟಿಗಿ ಬಂತು. ಅದ್ಯಾಕ ಬರಲ್ದು? ಬರೇ ಜಂಗ ಇದ್ರ ಡೀಸೆಲ್ ಕುಡದು ಕೂದಲೆಳಿಯಷ್ಟರೆ ಅಲಗಬೇಕು." ಅವರು ನನಗೆ ಹೇಳುತ್ತಿದ್ದರು. ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ, ಅಥವಾ ಕೇಳದ ಹಾಗೆ ಇದ್ದರು.

"ಬಿಸಿ ಮಾಡಿ ನೋಡೂಣ," ಎಂದು ಕಾಕಾ ಬ್ಲೋ ಲ್ಯಾಂಪ್ ತರಲು ತಮ್ಮ ಗಾಡಿಯ ಕಡೆ ಹೋದರು.

ಆಗ ನನ್ನ ಫೋನು ಬಡಿಯಿತು. ವೈನಿ. ನಾನು ಮುಂದಿನ ಕೋಣೆಗೆ ಹೋಗಿ ತಕ್ಕಡಿಯ ಹಿಂದೆ ಕೂತೆ. ಏಳನೆಯದು ಮುಗಿಸಿ ಶಾಲೆ ಬಿಟ್ಟಾಗಿನಿಂದ ನಾನು ಕೂರುವ ಜಾಗ ಅದು. ಅಲ್ಲಿ ಮಾತಾಡಿದರೆ ಹಿಂದಿನ ಕೋಣೆಗೆ ಕೇಳುವುದಿಲ್ಲ.

"ನೀಲಾ, ಪೂರ್ವಿ ಉಂಡಳೇನ?"

"ಉಂಡಾಳ್ರೀ ವೈನಿ. ಮಸರನ್ನ."

"ಖಾರ ಹತ್ತಿಸಬ್ಯಾಡ್ರಿ. ಆಕಿಗಿ ಹೊಟ್ಟಿ ನೋಯತೈತಿ." ಆಮೇಲೆ ದನಿ ತಗ್ಗಿಸಿದಳು. "ನಮ್ಮಣ್ಣ ಬಸ್ ಹತ್ತ್ಯಾನ. ಸಂಜೀಗಿ ಬರತಾನ."

"ಹೂಂ."

"ನೀಲಾ, ಇನ್ನೊಂದ ಸಲ ಕೇಳತೀನಿ, ಸಿಟ್ಟಾಗಬ್ಯಾಡ. ನೀ ಅವತ್ತ ಓಡಿ ಬಂದಾಗ ಏನೂ ನೋಡಲಿಲ್ಲೇನ? ನನ್ನ ಕೈ ಮಾತ ಬಿಡು. ಬೆಲ್ಟ ಯಾವ ಗಾಲಿ ಮ್ಯಾಲಿತ್ತು ಅಂತರೆ?"

"ಇಲ್ರೀ ವೈನಿ. ನಾ ಬರೂದ್ರಾಗ ಅಪ್ಪ ಕತ್ತರಿಸಿದ್ದರು."

"ಹೌದಲ್ಲ." ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. "ನಾ ಕುಂತಲ್ಲೆ ನನ್ನ ಕೈ ನೋಡ್ಕೋತ ಇರತೀನಿ. ನನಗ ಗೊತ್ತಾಗದಂಗ ಸರಸಿದೆನೋ ಏನೋ. ಎಲ್ಲಾರೂ ಹಂಗ ಅಂತಾರಂದ್ರ ಖರೇ ಇರಬೇಕು ಅನಸಾಕತ್ತೈತಿ. ನನ್ನ ಕೈಲೇ ನನ್ನ ಗಂಡ ಹೋದ ಅಂದ್ರ, ಪೂರ್ವೀನ ಯಾವ ಮುಖ ಇಟ್ಕೊಂಡು ಕೇಳಲಿ?"

ಬೇಕಾದ ಹೊತ್ತಿಗೆ ನನಗೆ ಮಾತು ಬರುವುದಿಲ್ಲ. "ಇಡತೀನ್ರೀ ವೈನಿ, ಅಪ್ಪ ಕರ್ಯಾಕತ್ಯಾರ," ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಹಿಂದೆ ಬರುವಷ್ಟರಲ್ಲಿ ಕಾಕಾ ಲ್ಯಾಂಪು ಹಚ್ಚಿದ್ದರು. ನೀಲಿ ಜ್ವಾಲೆ ಗಾಲಿಯ ಹೊಟ್ಟೆಯ ಸುತ್ತ ನಿಧಾನವಾಗಿ ತಿರುಗುತ್ತಿತ್ತು. ಮೊದಲು ಡೀಸೆಲ್ ಹೊಗೆ ಎದ್ದಿತು. ಅದು ಹೋದ ಮೇಲೆ ಇನ್ನೊಂದು ವಾಸನೆ ಬಂತು. ಹಬ್ಬದ ದಿನ ಎಣ್ಣೆ ಒಲೆಯ ಮೇಲೆ ಇಟ್ಟು ಮರೆತರೆ ಬರುವ, ಕಣ್ಣಿಗೆ ಹತ್ತುವ ವಾಸನೆ.

"ನೀಲಾ, ಒಲಿ ಮ್ಯಾಲ ಏನ ಇಟ್ಟೀ?" ಅವ್ವ ಬಾಗಿಲಿನಿಂದಲೇ ಕೇಳಿದಳು. "ಎಣ್ಣಿ ಸುಡಾಕತ್ತೈತಿ ನೋಡು."

"ನಾ ಏನೂ ಇಟ್ಟಿಲ್ಲವಾ."

ಅವ್ವ ಮತ್ತೊಮ್ಮೆ ಮೂಗಿನಿಂದ ಉಸಿರೆಳೆದುಕೊಂಡಳು. ಆಮೇಲೆ ಗಾಲಿಯನ್ನು ನೋಡಿದಳು.

ಕಾಕಾ ಲ್ಯಾಂಪು ಕೆಳಗಿಟ್ಟು ಪುಲ್ಲರಿನ ತಿರುಪಿಗೆ ಉದ್ದನೆಯ ಪೈಪು ಸಿಗಿಸಿ ಎಳೆದರು. ಅಪ್ಪನೂ ಕೈ ಹಾಕಿದರು. ಇಬ್ಬರೂ ಹಲ್ಲು ಕಚ್ಚಿ ಮೈಭಾರ ಹಾಕಿದಾಗ ಕಟ್ಟಿಗೆ ಸೀಳಿದ ಹಾಗೆ ಸದ್ದಾಯಿತು. ಗಾಲಿ ಜರುಗಿತು. ಆಮೇಲೂ ಅದು ಸುಲಭವಾಗಿ ಬರಲಿಲ್ಲ; ಪ್ರತಿ ಸುತ್ತಿಗೂ ನರಳುತ್ತ, ಸ್ವಲ್ಪ ಸ್ವಲ್ಪ ಜಾರಿ, ಕಡೆಗೆ ಗೋಣಿಯ ಮೇಲೆ ಬಿತ್ತು.

"ಅಬ್ಬಾ, ಅಳಿಯಂದು ಗಂಟುಮೂಟಿ ಕಟ್ಟಿತು," ಎಂದು ಕಾಕಾ ನಗುತ್ತ ಕೂತರು. ಕೂತವರು ಶಾಫ್ಟಿನ ಮೇಲೆ ಬಗ್ಗಿದರು.

ನಾನೂ ಬಗ್ಗಿ ನೋಡಿದೆ. ಗಾಲಿ ಕೂತಿದ್ದ ಜಾಗದ ಎರಡೂ ಅಂಚಿನಲ್ಲಿ ಒಂದು ಬೆರಳಗಲ ಜಂಗು ಇತ್ತು. ಅದರ ಒಳಗೆ ಜಂಗಿನ ಹೆಸರೇ ಇರಲಿಲ್ಲ. ಅವ್ವನ ನೀರು ಅಲ್ಲಿಗೆ ಹೋಗಿಯೇ ಇರಲಿಲ್ಲ. ಅಲ್ಲಿ ಶಾಫ್ಟಿನ ಉಕ್ಕು ಕಾದು ನೀಲಿಗಟ್ಟಿತ್ತು. ಅದರ ಮೇಲೆ ಹಿತ್ತಾಳೆ ಹಳದಿ ಪಟ್ಟೆಪಟ್ಟೆಯಾಗಿ ಕರಗಿ ಮೆತ್ತಿಕೊಂಡಿತ್ತು. ಬುಶ್ಶಿನ ಒಳಮೈಯಿಂದ ಅಷ್ಟೂ ಹಿತ್ತಾಳೆ ಕಿತ್ತುಬಂದಿತ್ತು.

"ಇದು ನೀರಿನ ಕೆಲಸ ಅಲ್ಲ," ಎಂದರು ಕಾಕಾ. ಆಗಿನ್ನೂ ಅವರ ದನಿ ಹಗುರವಾಗಿಯೇ ಇತ್ತು. ತಂತಿಯ ತುಂಡು ತೆಗೆದು ಗಾಲಿಯ ಎಣ್ಣೆ ತೂತಿಗೆ ಚುಚ್ಚಿದರು. ತಂತಿ ಹೋಗಲಿಲ್ಲ. ಒತ್ತಿ ಕೆದಕಿದಾಗ ಕಂದು ಬಣ್ಣದ ಗಟ್ಟಿ ಚೂರುಗಳು ಉದುರಿದವು. ಒಂದನ್ನು ಬೆರಳುಗಳ ನಡುವೆ ಹಿಚುಕಿ, ಮೂಸಿ, "ಏಂ ಪೋಸಿಂಡ್ರು ದೀನ್ಲ? ಏನ ಹಾಕತಿದ್ರಿ ಇದಕ್ಕ? ಗ್ರೀಸ್ ಅಲ್ಲ ಇದು," ಎಂದರು.

ಅಪ್ಪ ಪುಲ್ಲರಿನ ತಿರುಪನ್ನು ಸುಮ್ಮನೆ ಹಿಂದಕ್ಕೆ ತಿರುವುತ್ತಿದ್ದರು.

"ಕುಸುಬಿ ಎಣ್ಣಿ," ಎಂದೆ ನಾನು.

"ಏನು?"

"ಕುಸುಬಿ ಎಣ್ಣಿರಿ, ಕಾಕಾ."

ಕಾಕಾ ತಲೆ ಹಿಂದಕ್ಕೆ ಹಾಕಿ ನಕ್ಕರು. "ಕುಸುಬಿ ಎಣ್ಣಿ! ಮತ್ತ ಸಾಸಿವಿ, ಕರಿಬೇವು ಎಲ್ಲಿ? ಅವೂ ಹಾಕಿದ್ರ ಒಗ್ಗರಣಿ ಪೂರಾ ಆಗ್ತಿತ್ತಲ್ಲ ಮಲ್ಲಣ್ಣಾ!"

ನಗು ಅವರ ಬಾಯಲ್ಲೇ ಉಳಿಯಿತು. ಅವರು ಗಾಲಿಯನ್ನು ನೋಡಿದರು, ಗೋಡೆಗೆ ಆನಿಸಿದ್ದ ಹಿಡಿಕೆಯನ್ನು ನೋಡಿದರು, ಕಡೆಗೆ ಅಪ್ಪನನ್ನು ನೋಡಿದರು. ಕೈಯಲ್ಲಿದ್ದ ಕಂದು ಚೂರನ್ನು ಮೆಲ್ಲಗೆ ಕೆಳಗಿಟ್ಟರು.

ಕುಸುಬೆ ಎ‌ಣ್ಣೆಯ ಗುಣ ನಮ್ಮ ಕಡೆ ಹೆಂಗಸರಿಗೆಲ್ಲ ಗೊತ್ತು. ಎಣ್ಣೆಯ ಡಬ್ಬಿಯನ್ನು ವಾರಕ್ಕೊಮ್ಮೆ ತಿಕ್ಕದಿದ್ದರೆ ಅಂಚಿನಲ್ಲಿ ಬಂಕೆಯ ಹಾಗೆ ಜಿಗುಟು ಕಟ್ಟುತ್ತದೆ; ಬಿಸಿ ತಾಗಿದರಂತೂ ಕಲ್ಲಾಗುತ್ತದೆ. ಆದರೆ ಯಂತ್ರಕ್ಕೆ ಎಣ್ಣೆ ಹಾಕುವುದು ಹೆಂಗಸರ ಕೆಲಸ ಅಲ್ಲ. ಅದು ಅಪ್ಪನದು. ಮೊದಲು ಅವರೂ ಎಲ್ಲರ ಹಾಗೆ ಗ್ರೀಸನ್ನೇ ಹಾಕುತ್ತಿದ್ದರು. ಒಂದು ಶ್ರಾವಣದಲ್ಲಿ ಭಜನೆಗೆ ಹೋದಾಗ ಯಾರೋ ಗ್ರೀಸಿನಲ್ಲಿ ದನದ ಕೊಬ್ಬು ಇರುತ್ತದೆ ಎಂದು ಹೇಳಿದರಂತೆ. ಅಪ್ಪ ಮನೆಗೆ ಬಂದವರೇ ಡಬ್ಬಿಯನ್ನು ಮೋರಿಗೆ ಎಸೆದು ತಲೆಯ ಮೇಲೆ ನೀರು ಹಾಕಿಕೊಂಡರು. ಮಠದ ಖಾರ ಕುಟ್ಟುವ ಯಂತ್ರಕ್ಕೆ ಇಷ್ಟು ದಿನ ಅದನ್ನು ಹಚ್ಚಿದೆನಲ್ಲ ಎಂದು ಎರಡು ಹೊತ್ತು ಉಣ್ಣಲಿಲ್ಲ. ಅಂದಿನಿಂದ ಊರಿನ ಗಾಣದ ಕುಸುಬೆ ಎಣ್ಣೆ ತರಿಸಿ, ದಿನಾ ಬೆಳಿಗ್ಗೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ದೀಪಕ್ಕೆ ಎರೆದ ಹಾಗೆ ಗಾಲಿಯ ತೂತಿಗೂ ಎರೆಯುತ್ತಿದ್ದರು. ಒಂದು ಹನಿ ಹೊರಗೆ ಚೆಲ್ಲಿದರೆ ಬೆರಳಿನಿಂದ ಒರೆಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಅಣ್ಣ ಸಾಯುವ ಕೆಲವು ದಿನ ಮೊದಲು ಊಟಕ್ಕೆ ಕೂತಾಗ ಆಡಿದ ಮಾತು ನನಗೆ ನೆನಪಾಯಿತು. ರೊಟ್ಟಿ ಬಡಿಸುತ್ತಿದ್ದವಳು ನಾನೇ.

"ಅಪ್ಪಾ, ಖಾಲಿ ಗಾಲಿ ಕೈ ಸುಡಾಕತ್ತೈತಿ. ಎಣ್ಣಿ ಒಳಗ ಇಳೀವಲ್ದು, ಮ್ಯಾಲೇ ನಿಂದರತೈತಿ. ಕೋಠಿ ಬಜಾರದಾಗ ಕೊಬ್ಬಿಲ್ಲದ ಗ್ರೀಸ್ ಸಿಗತೈತಂತ. ಒಂದ ಡಬ್ಬಿ ತರಲೇನು?"

"ಇಲ್ಲಂತ ಮ್ಯಾಲ ಬರದಿರತಾರ. ಒಳಗ ಏನೈತಿ ಅಂತ ನೀ ನೋಡಿಯೇನ?"

"ಮಷೀನ ಕೆಡತೈತಿ ಅಪ್ಪಾ."

"ಕೆಡಲಿ. ನನ್ನ ಜೀವ ಇರೋತನಕ ಅದು ಈ ಮಷೀನಿಗಿ ಹತ್ತಂಗಿಲ್ಲ."

ಅಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿದಿದ್ದ. ಅಪ್ಪನ ಮಾತಿಗೆ ಎದುರಾಡುವ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ.

ನನ್ನ ಕೈ ಡೀಸೆಲ್‌ನಿಂದ ತಣ್ಣಗಾಗಿತ್ತು. "ಕಾಕಾ," ಎಂದೆ. "ಇದು ಹಿಂಗ ಹಿಡಕೊಂಡಾಗ ಬೆಲ್ಟ ಖಾಲಿ ಗಾಲಿ ಮ್ಯಾಲ ಇದ್ರ ಏನ ಆಗತೈತಿ?"

"ಹಿಡಕೊಂಡ ಮ್ಯಾಲ ಖಾಲಿ ಗಾಲಿ ಎಲ್ಲೈತಿ ಬಿಡ್ಡಾ? ಎರಡೂ ಗಟ್ಟಿ ಗಾಲಿನೇ. ಮೊದಲ ಸುತ್ತುತಾ ಸುತ್ತುತಾ ಬಿಸಿ ಆಗತೈತಿ. ಆಮ್ಯಾಲ ಒಮ್ಮೆಲೇ ಶಾಫ್ಟ್ ಹಿಡಕೊಂಡು ಎಳೀತೈತಿ."

"ನಿಂತ ಮಷೀನ ತಾನೇ ತಿರಗಾಕ ಹೊಂಡತೈತೇನು?"

"ಹೊಂಡತೈತಿ."

"ಹಿಡಿಕಿ ಯಾರೂ ಸರಸದಿದ್ರೂ?"

"ಯಾರೂ ಮುಟ್ಟದಿದ್ರೂ—" ಎಂದವರು ಅಪ್ಪನ ಮುಖ ನೋಡಿ ಅಲ್ಲಿಗೇ ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಳ್ಳತೊಡಗಿದರು. "ಹಂಗೂ ಆಗಬಹುದು. ಆಗಲಿಕ್ಕಿಲ್ಲ ಕೂಡ. ನನಗೇನ ಗೊತ್ತು, ನಾ ಅವತ್ತ ಇಲ್ಲಿ ಇದ್ದಿಲ್ಲ."

"ಆಕಿ ಕೈ ಹಿಡಿಕಿ ಮ್ಯಾಲಿತ್ತು," ಎಂದಳು ಅವ್ವ. "ನಾ ಕಣ್ಣಾರೆ ನೋಡೀನಿ."

ಆ ದಿನದಿಂದ ಅವಳು ಎಲ್ಲರಿಗೂ ಹೇಳುತ್ತ ಬಂದ ಮಾತೇ ಅದು. ಆದರೆ ಈಗ ಅವಳ ದನಿ ಏರಲಿಲ್ಲ. ಅವಳು ಅದನ್ನು ಅಪ್ಪನಿಗೆ ಹೇಳುತ್ತಿದ್ದಳು. ಹೌದು ಅನ್ನಿ ಎಂದು ಬೇಡಿಕೊಳ್ಳುವ ಹಾಗೆ ಅವರ ಮುಖವನ್ನೇ ನೋಡುತ್ತಿದ್ದಳು. ಪೂರ್ವಿ ಅವಳ ಸೊಂಟದಿಂದ ಜಾರಲು ಒದ್ದಾಡಿದಳು. ಅವ್ವ ಅವಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು.

ಅಪ್ಪ ಪುಲ್ಲರನ್ನು ಕೆಳಗಿಟ್ಟರು.

"ಹೊಸ ಬುಶ್ ಹಾಕು, ಯಾದಗಿರಿ."

"ಲೇತಿಗಿ ಹೋಗಿ ಕೊರಸಿ ತರಬೇಕ್ರಿ. ನಾಳಿಗಿ ಆಗತೈತಿ." ಕಾಕಾ ಗಾಲಿಯ ಎಣ್ಣೆ ತೂತಿನ ಕಡೆ ನೋಡಿದರು. "ಎಣ್ಣಿ ಮಾತ್ರ..."

"ಗ್ರೀಸ್ ಹಾಕು," ಎಂದರು ಅಪ್ಪ.

ಮುಂದಿನ ಬೀದಿಯಲ್ಲಿ ಆಟೋದವನೊಬ್ಬ ಯಾರನ್ನೋ ಕೂಗಿ ಕರೆಯುತ್ತಿದ್ದ. ಅವ್ವ ಬಾಗಿಲ ಚೌಕಟ್ಟಿಗೆ ಆತು ಮೆಲ್ಲಗೆ ಕುಸಿದು ಹೊಸ್ತಿಲ ಮೇಲೆ ಕೂತಳು. ಪಕ್ಕದಲ್ಲೇ ಟ್ರಂಕು ಇತ್ತು. ಅವಳು ಅದರ ಕಡೆ ತಿರುಗಲಿಲ್ಲ.

ಅಪ್ಪ ಎದ್ದು ಗೂಟಕ್ಕೆ ಸಿಗಿಸಿದ್ದ ಉಸುಕಿನ ಕಾಗದ ತಂದರು. ಶಾಫ್ಟನ್ನು ಎರಡು ಇಟ್ಟಿಗೆಗಳ ಮೇಲೆ ಇಟ್ಟು, ಕಾಗದವನ್ನು ಅದರ ಸುತ್ತ ಹಿಡಿದು ತಿಕ್ಕತೊಡಗಿದರು. ಮೊದಲು ಅಂಚಿನ ಜಂಗು ತಿಕ್ಕಲಿಲ್ಲ. ನಡುವಿನ ಹಳದಿ ಪಟ್ಟೆಗಳನ್ನೇ ತಿಕ್ಕಿದರು. ಹಿತ್ತಾಳೆಯ ಪುಡಿ ಅವರ ಪಾದದ ಮೇಲೆ ಉದುರಿತು. ಅವರ ಬೆನ್ನಿನ ಮೂಳೆಗಳು ಬನಿಯನ್ನಿನೊಳಗೆ ಮೇಲೆ ಕೆಳಗೆ ಆಡುತ್ತಿದ್ದವು. ಅವರು ಅಳುತ್ತಿದ್ದಾರೋ ಬೆವರುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಒಂದು ಪಟ್ಟೆ ಹೋಯಿತು. ಇನ್ನೊಂದು ತೆಳ್ಳಗಾಯಿತು.

ಕಾಕಾ ಬುಶ್ಶನ್ನು ಗಾಲಿಯಿಂದ ಬಡಿದು ತೆಗೆದರು. ಅಳತೆಗೆ ದಾರ ಸುತ್ತಿ, ದಾರವನ್ನು ಜೇಬಿಗೆ ಹಾಕಿಕೊಂಡು, ಬುಶ್ಶನ್ನು ಮೂಲೆಯ ಗುಜರಿ ಡಬ್ಬಿಗೆ ಎಸೆದರು. ಆಮೇಲೆ ಪಾನಾಗಳನ್ನು ಒರೆಸಿ ಒರೆಸಿ ಚೀಲಕ್ಕೆ ತುಂಬುತ್ತ ಕೂತರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ನಾನು ಎದ್ದು ಗುಜರಿ ಡಬ್ಬಿಯಿಂದ ಬುಶ್ಶನ್ನು ಎತ್ತಿಕೊಂಡೆ. ಅದು ಇನ್ನೂ ಬೆಚ್ಚಗಿತ್ತು. ಓಢಣಿಯ ತುದಿಯಲ್ಲಿ ಹಿಡಿದು ಒಳಮೈ ನೋಡಿದೆ. ಹರಿದು ಹೋದ ಗೀರುಗಳು ಸುತ್ತಲೂ ಇದ್ದವು. ಎಣ್ಣೆ ತೂತಿನಲ್ಲಿ ಕಂದು ಗಟ್ಟಿ ಹಾಗೆಯೇ ಕೂತಿತ್ತು. ಅದನ್ನು ತಂದು ಅಪ್ಪನ ಎದುರಿಗೆ, ಅವರ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಇಟ್ಟು ನಿಂತೆ. ಅಪ್ಪನ ಎದುರಿಗೆ ಹೀಗೆ ನಿಂತು ಮಾತಾಡಿದವಳಲ್ಲ ನಾನು.

"ಅಪ್ಪಾ."

ಉಸುಕಿನ ಕಾಗದದ ಸದ್ದು ನಿಲ್ಲಲಿಲ್ಲ. ಅವ್ವ ಪೂರ್ವಿಯ ತಲೆಯ ಮೇಲೆ ಗಲ್ಲ ಊರಿ ನೆಲ ನೋಡುತ್ತಿದ್ದಳು. ಕಾಕಾ ಚೀಲದ ಬಾಯಿ ಕಟ್ಟುತ್ತಿದ್ದರು.

"ಅಪ್ಪಾ, ಸಂಜೀಗಿ ವೈನಿ ಅಣ್ಣ ಬರತಾರ. ಅವರಿಗೆ ಇದನ್ನ ನೀವ ತೋರಸ್ರಿ."

ಅವರು ಕಾಗದದ ಸವೆದ ಮಗ್ಗುಲನ್ನು ಒಳಕ್ಕೆ ಮಡಚಿ, ಹೊಸ ಮಗ್ಗುಲಿನಿಂದ ಮತ್ತೆ ತಿಕ್ಕಿದರು.

"ನೀವ ತೋರಸ್ರೀ, ಅಪ್ಪಾ."